ಆ ಸೈನಿಕ ಕೊಲೆ ಮಾಡಿಲ್ಲ

ಸಂಪಾದಕರಿಗೆ,

ಭಾನುವಾರದ ಸಿನಿಮಾ ಪ್ರದರ್ಶನದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಈಗಷ್ಟೇ ಓದಿದೆ. ಪ್ರದರ್ಶನ ಯಶಸ್ವಿ ಅಂತ ಬರೆದಿದ್ದೀರಿ. ಜೊತೆಗೆ 'ತಲೆಕೆಟ್ಟ ಸೈನಿಕನೊಬ್ಬ ಸ್ನೇಹಿತನ ಹೆಂಡತಿಯನ್ನು ಕೊಂದ ಕಥೆ' ಅಂತಲೂ ಬರೆದಿದ್ದೀರಿ. ಎರಡೂ ಸುಳ್ಳು. ಸಿನಿಮಾ ಮುಗಿಯಲೇ ಇಲ್ಲ. ಕೊನೆಯ ಹತ್ತು ನಿಮಿಷ ಇರುವಾಗ ನಮ್ಮ ಬಡಾವಣೆಯ ಸಭಾಭವನದ ಸಿಬ್ಬಂದಿ ಮೇನ್ ಸ್ವಿಚ್ ಆಫ್ ಮಾಡಿ, ಟೈಮ್ ಆಯ್ತು ನಡೀರಿ ಅಂದರು. ಆ ಸೈನಿಕ ಯಾರನ್ನೂ ಕೊಂದಿಲ್ಲ ಅನ್ನೋದು ಗೊತ್ತಾಗುವುದೇ ಆ ಹತ್ತು ನಿಮಿಷದಲ್ಲಿ!

ಸಿನಿಮಾ 1946ರ 'ದ ಬ್ಲೂ ಡೇಲಿಯಾ'. ಕಪ್ಪು ಬಿಳುಪು, ಕತ್ತಲು ಕವಿದ ಅಪರಾಧದ ಕಥೆಗಳಿಗೆ ನುವಾರ್ ಅಂತಾರಲ್ಲ, ಆ ಜಾತಿಯದು. ರೇಮಂಡ್ ಚಾಂಡ್ಲರ್ ಬರೆದದ್ದು, ಜಾರ್ಜ್ ಮಾರ್ಷಲ್ ನಿರ್ದೇಶನ. ಎರಡನೇ ಮಹಾಯುದ್ಧ ಮುಗಿಸಿ ನೌಕಾಪಡೆಯ ಮೂವರು ಗೆಳೆಯರು ಲಾಸ್ ಏಂಜಲೀಸ್‌ಗೆ ಬರುತ್ತಾರೆ. ಅವರಲ್ಲಿ ಜಾನಿ ಅನ್ನುವವನು ಹೆಂಡತಿ ಉಳಿದುಕೊಂಡಿದ್ದ ಹೋಟೆಲ್ ಬಂಗಲೆಯ ಬಾಗಿಲು ತೆರೆದರೆ ಒಳಗೆ ಪಾರ್ಟಿ ನಡೀತಿದೆ, ಆ ಹೆಂಡತಿ ಹೆಲೆನ್ ನೈಟ್ ಕ್ಲಬ್ಬಿನ ಮಾಲೀಕ ಎಡ್ಡಿ ಜೊತೆ ಇದ್ದಾಳೆ. ಮಗು ಕಾಯಿಲೆಯಿಂದ ಸತ್ತಿತು ಅಂತ ಅವಳು ಹೇಳಿದ್ದೂ ಸುಳ್ಳು. ಸತ್ತದ್ದು ಅಪಘಾತದಲ್ಲಿ, ಕುಡಿದು ಕಾರು ಓಡಿಸಿದ್ದು ಅವಳೇ. ಅದೇ ರಾತ್ರಿ ಮಳೆಯಲ್ಲಿ ಜಾನಿಯನ್ನು ಕಾರಿಗೆ ಹತ್ತಿಸಿಕೊಳ್ಳುವವಳು ಎಡ್ಡಿಯ ಹೆಂಡತಿ, ಅವನನ್ನು ಬಿಟ್ಟು ಬಂದ ಜಾಯ್ಸ್. ಬೆಳಗಾದರೆ ಹೆಲೆನ್ ಹೆಣವಾಗಿದ್ದಾಳೆ. ಜಾನಿ, ಜಾಯ್ಸ್ ಪಾತ್ರ ಮಾಡಿದ ಅಲನ್ ಲ್ಯಾಡ್, ವೆರೋನಿಕಾ ಲೇಕ್ ಜೋಡಿಗೋಸ್ಕರ ಜನ ನೋಡ್ತಾರೆ, ನೋಡಲಿ.

ನಾನು ಹೋಗಿದ್ದು ಬಝ್‌ಗೋಸ್ಕರ. ಮೂರನೇ ಗೆಳೆಯ ಅವನು, ವಿಲಿಯಂ ಬೆಂಡಿಕ್ಸ್ ಮಾಡಿದ ಪಾತ್ರ. ಯುದ್ಧದಲ್ಲಿ ಪೆಟ್ಟು ಬಿದ್ದು ತಲೆಯೊಳಗೆ ಲೋಹದ ತಗಡು ಕೂರಿಸಿದ್ದಾರೆ. ಜೋರಾಗಿ ಸಂಗೀತ ಕೇಳಿದರೆ ತಲೆ ಹಿಡಿದುಕೊಂಡು ಒದ್ದಾಡುತ್ತಾನೆ, ಅದನ್ನು ಕೋತಿ ಸಂಗೀತ ಅಂತ ಬೈಯುತ್ತಾನೆ, ಏನಾಯಿತು ಅನ್ನೋದನ್ನೇ ಮರೆತುಬಿಡುತ್ತಾನೆ. ಕೊಲೆಯಾದ ರಾತ್ರಿ ಹೆಲೆನ್ ಯಾರು ಅಂತ ಗೊತ್ತಿಲ್ಲದೆ ಅವಳ ಜೊತೆ ಮಾತಾಡಿ, ಅವಳು ಉಳಿದುಕೊಂಡಿದ್ದ ಕಡೆಗೂ ಹೋಗಿರುತ್ತಾನೆ. ಆಮೇಲಿನದು ನೆನಪಿಲ್ಲ.

ನನ್ನ ಅಣ್ಣ ಸೇನೆಯಲ್ಲಿ 17 ವರ್ಷ ಇದ್ದು ಬಂದವನು. ನಮ್ಮ ಮನೆಯಲ್ಲಿ ಕುಕ್ಕರ್ ವಿಷಲ್ ಕೂಗಿಸುವುದಿಲ್ಲ, ಅವ್ವ ಅನ್ನವನ್ನು ಪಾತ್ರೆಯಲ್ಲೇ ಬೇಯಿಸ್ತಾಳೆ. ದೀಪಾವಳಿಯ ಮೂರು ದಿನ ಅವನು ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಕೂರುತ್ತಾನೆ, ನೀರಿನ ಸದ್ದಿಗೆ ಪಟಾಕಿ ಸದ್ದು ಕೇಳಬಾರದು ಅಂತ. ನಾಲ್ಕು ಜನ ಸೇರುವ ಕಡೆಗೆ ಬರುವವನೇ ಅಲ್ಲ. ಒಂದು ವಾರ ಹೇಳಿ ಹೇಳಿ ಒಪ್ಪಿಸಿದ್ದೆ. ಬಾಗಿಲ ಪಕ್ಕದ ಕುರ್ಚಿ ಬೇಕು ಅಂದ, ಅದನ್ನೂ ಮುಂಚೆಯೇ ಹೋಗಿ ಹಿಡಿದಿಟ್ಟಿದ್ದೆ.

ಆರಕ್ಕೆ ಶುರು ಅಂದಿದ್ದರು. ಆರೂ ಮುಕ್ಕಾಲಿನ ತನಕ ಸನ್ಮಾನ, ಹಾರ, ಭಾಷಣ. ಮುಂದಿನ ಸಾಲು ಗಣ್ಯರಿಗೆ ಅಂತ ಖಾಲಿ ಬಿಟ್ಟಿದ್ದರು, ಒಬ್ಬರೂ ಬರಲಿಲ್ಲ. ಫ್ಯಾನ್ ಎರಡೇ ತಿರುಗುತ್ತಿದ್ದವು. ಇಷ್ಟಾದರೂ ಅಣ್ಣ ಎದ್ದು ಹೋಗಲಿಲ್ಲ. ಬಝ್ ತೆರೆಯ ಮೇಲೆ ಬಂದಾಗಲೆಲ್ಲ ಮುಂದಕ್ಕೆ ಬಾಗಿ ಕೂರುತ್ತಿದ್ದ.

ಕೊನೆಗೆ ಎಡ್ಡಿಯ ಬ್ಲೂ ಡೇಲಿಯಾ ಕ್ಲಬ್ಬಿನಲ್ಲಿ ಪೊಲೀಸ್ ಕ್ಯಾಪ್ಟನ್ ಬಝ್‌ನನ್ನು ಹಿಂಡುತ್ತಾನೆ, ನೀನೇ ಮಾಡಿದ್ದು ಒಪ್ಕೋ ಅಂತ. ಆ ಸಂಗೀತ ಬೇರೆ. ಬಝ್ ಹಣೆ ಒತ್ತಿಕೊಳ್ಳುತ್ತಿದ್ದಾನೆ, ಹೌದೇನೋ ನಾನೇ ಇರಬೇಕು ಅನ್ನುವ ಹಂತಕ್ಕೆ ಬಂದಿದ್ದಾನೆ. ಟಪ್ ಅಂತ ಕತ್ತಲು. ಅಣ್ಣ ನನ್ನ ಮಣಿಕಟ್ಟು ಹಿಡಿದುಕೊಂಡ, ವಾಚಿನ ಪಟ್ಟಿಯ ಗುರುತು ಮರುದಿನವೂ ಇತ್ತು. ಹಿಂದಿನಿಂದ ಯಾರೋ, 'ಬಿಡ್ರೀ, ಆ ತಲೆಕೆಟ್ಟೋನೇ ಕೊಂದಿರೋದು, ಗೊತ್ತಾಯ್ತಲ್ಲ' ಅಂದರು. ಸುಮ್ನೆ ಎದ್ದು ಹೊರಟರು ಎಲ್ಲರೂ. ಮನೆ ಸೇರುವ ತನಕ ಅಣ್ಣ ಒಂದು ಮಾತಾಡಲಿಲ್ಲ. ಇವತ್ತಿಗೂ ಸರಿಯಾಗಿ ಊಟ ಮಾಡಿಲ್ಲ. ಅದರ ಮೇಲೆ ನಿಮ್ಮ ವರದಿ.

ಕೊಂದವನು ಹೆಲೆನ್ ಇದ್ದ ಹೋಟೆಲಿನ ಕಾವಲು ಪತ್ತೇದಾರ, ಮುದುಕ ನ್ಯೂಯೆಲ್. ಅವಳ ಗುಟ್ಟು ಹಿಡಿದುಕೊಂಡು ಬೆದರಿಸುತ್ತಿದ್ದವನು. ದಯವಿಟ್ಟು ಇದನ್ನು ಅಚ್ಚು ಮಾಡಿ. ಚಾಂಡ್ಲರ್ ಮೊದಲು ಬಝ್‌ನನ್ನೇ ಕೊಲೆಗಾರ ಮಾಡಿದ್ದರು, ಅಮೆರಿಕದ ನೌಕಾಪಡೆ ಒಪ್ಪದ ಕಾರಣ ಬದಲಾಯಿಸಿದರು, ಇದೂ ನಿಜ. ಸೈನಿಕನ ಹೆಸರು ಕೆಡಬಾರದು ಅಂತ ಪಡೆಯವರು ಹಟ ಹಿಡಿದರು, ಸಂತೋಷ. ಆದರೆ ಅವನ ತಲೆನೋವಿಗೆ ಏನು ಮಾಡಿದರು? ಬಝ್ ಬಿಡುಗಡೆಯಾದ, ತಗಡು ತಲೆಯೊಳಗೇ ಇದೆ. ಅಂಥವರನ್ನು ಆಗ ಯುದ್ಧದ ದಣಿವು ಅಂತ ಸಾಗಹಾಕುತ್ತಿದ್ದರು. ಭಯಂಕರ ಆಘಾತದ ನಂತರ ಉಳಿಯುವ ಮನಸ್ಸಿನ ಕಾಯಿಲೆಗೆ ಪಿಟಿಎಸ್‌ಡಿ ಅನ್ನುವ ಹೆಸರು ಅಮೆರಿಕದ ಮನೋವೈದ್ಯರ ಪಟ್ಟಿಗೆ ಸೇರಿದ್ದು 1980ರಲ್ಲಿ. ನಮ್ಮಲ್ಲಿ ಇವತ್ತಿಗೂ ತಲೆಕೆಟ್ಟವನು ಅಂತಲೇ ಬರೀತೀರಿ.

ಸಭಾಭವನದವರ ಬಗ್ಗೆ ಇದು ನನ್ನ ಮೊದಲ ಪತ್ರ ಅಲ್ಲ. ಜನರೇಟರ್ ತಂದು ಇಟ್ಟು ಎಷ್ಟು ಕಾಲವಾಯಿತು? ಹಿಂದಿನ ಶೆಡ್ಡಿನಲ್ಲಿ ಗೋಣಿಚೀಲ ಹೊದ್ದು ಕೂತಿದೆ. ಗೇಟಿನ ಮುಂದಿನ ದೀಪ ಉರಿಯುವುದಿಲ್ಲ, ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಂಬಿ ಇಲ್ಲ, ವಯಸ್ಸಾದವರು ಮೊಬೈಲ್ ಬೆಳಕಿನಲ್ಲಿ ಇಳಿದರು. ಕೇಳಿದರೆ ಸಾಹೇಬರನ್ನು ಕೇಳಿ ಅಂತಾರೆ. ಸಾಹೇಬರು ಮೀಟಿಂಗಿನಲ್ಲಿರುತ್ತಾರೆ. ಅಣ್ಣನ ಪಿಂಚಣಿಯ ಒಂದು ಕಾಗದಕ್ಕೆ ನಾನು ಇನ್ನೊಂದು ಕಚೇರಿಗೆ ಒಂಬತ್ತು ಸಲ ಅಲೆದೆ, ಅಲ್ಲೂ ಇದೇ ಮಾತು, ಕೊಟ್ಟ ಜೆರಾಕ್ಸನ್ನೇ ಮತ್ತೆ ಮತ್ತೆ ಕೇಳಿದರು. 'ನೋಡೋಕೆ ಚೆನ್ನಾಗೇ ಇದಾರಲ್ರೀ' ಅಂತ ಅವನ ಮುಂದೆಯೇ ಅಂದರು ಒಬ್ಬರು. ಕೈಕಾಲು ಹೋಗಿದ್ದರೆ ಮಾತ್ರ ಗಾಯವೇ?

ಆ ಕೊನೆಯ ಹತ್ತು ನಿಮಿಷವನ್ನು ಅದೇ ಭವನದಲ್ಲಿ, ಅದೇ ಜನರನ್ನು ಕರೆದು ತೋರಿಸಬೇಕು. ಇಲ್ಲ, ಪೂರ್ತಿ ಸಿನಿಮಾವನ್ನೇ ತೋರಿಸಲಿ, ಭಾಷಣ ಬೇಡ. ಸ್ವಿಚ್ ಆಫ್ ಮಾಡಿದವರ ಮೇಲೆ ಕ್ರಮ ಆಗಬೇಕು, ಅವರಿಗೆ ಹಾಗೆ ಹೇಳಿಕೊಟ್ಟವರ ಮೇಲೂ ಆಗಬೇಕು. ನೀವು ತಿದ್ದುಪಡಿ ಹಾಕಿ. ಮೂಲೆಯಲ್ಲಿ ಚಿಕ್ಕದಾಗಿ ಅಲ್ಲ, ವರದಿ ಬಂದ ಜಾಗದಲ್ಲೇ. ಜನರೇಟರನ್ನೂ ಹೊರಗೆ ತೆಗೆಸಿ. ಸಿನಿಮಾ ನೋಡದೆ ಕಥೆ ಬರೆಯಲು ನಿಮ್ಮವರಿಗೆ ನಾಚಿಕೆ ಆಗಬೇಕಿತ್ತು. ಅಣ್ಣ ದಿನಾ ಬೆಳಿಗ್ಗೆ ಮೊದಲು ಓದುವುದು ನಿಮ್ಮ ಪತ್ರಿಕೆಯನ್ನೇ. ಇವತ್ತಿನದನ್ನು ನಾನು ಬಚ್ಚಿಟ್ಟಿದ್ದೇನೆ.

ಇತಿ,
ಬಾಗಿಲ ಪಕ್ಕ ಕೂತಿದ್ದ ಒಬ್ಬ ಓದುಗ