ತವರಿನ ಪಂದ್ಯ ತವರಿನಲ್ಲೇ ಇರಲಿ: ಸಂಸದ ಶ್ರೀ ಥಾಣೇದಾರ್ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರಾದ ಶ್ರೀ ಥಾಣೇದಾರ್ ಅವರಿಗೆ,

ನಮಸ್ಕಾರಗಳು.

ನಾನು ನಿಮ್ಮ ಮತದಾರನಲ್ಲ. ಮಿಶಿಗನ್ನಿನ ಈಸ್ಟ್ ಲ್ಯಾನ್ಸಿಂಗ್ ಪಕ್ಕದ ಒಕೆಮಸ್‌ನಲ್ಲಿ ನನ್ನ ಮನೆ. ಆದರೂ ನಿಮಗೇ ಬರೆಯುತ್ತಿದ್ದೇನೆ. ನಾನು ಹೇಳಬೇಕಾದ ಮಾತಿನ ಒಂದು ತುದಿ ನಿಮ್ಮ ಕ್ಷೇತ್ರದೊಳಗೆ, ಡೆಟ್ರಾಯಿಟ್‌ನ ಫೋರ್ಡ್ ಫೀಲ್ಡ್ ಸ್ಟೇಡಿಯಂನಲ್ಲಿದೆ. ಇನ್ನೊಂದು ತುದಿ ವಾಷಿಂಗ್ಟನ್‌ನಲ್ಲಿ ನೀವು ಕೂರುವ ಸದನದಲ್ಲಿದೆ. ಇಂಗ್ಲಿಷಿನ ಕಾಗದವನ್ನು ನಿಮ್ಮ ಕಚೇರಿಗೆ ಬೇರೆಯಾಗಿ ಕಳಿಸಿದ್ದೇನೆ. ಚಿಕ್ಕೋಡಿಯಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಬೆಳೆದು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪದವಿ ಪಡೆದವರು ನೀವು. ಜಾತ್ರೆ, ಅಖಾಡ ಅಂದರೆ ಏನೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ ಅನ್ನುವ ಕಾರಣಕ್ಕೆ ಇದನ್ನು ಕನ್ನಡದಲ್ಲಿ ಬರೆದೆ. ಇಲ್ಲಿನ ಎಷ್ಟೋ ಕನ್ನಡದ ಮನೆಗಳ ಮಕ್ಕಳು ಇದೇ ಕಾಲೇಜುಗಳಲ್ಲಿ ಓದುತ್ತಿದ್ದಾರೆ. ಅವರ ಅಪ್ಪ ಅಮ್ಮಂದಿರೂ ಓದಲಿ ಅನ್ನುವ ಆಸೆಯೂ ಇದೆ.

ವಿಷಯ ಕಾಲೇಜು ತಂಡಗಳು ಆಡುವ ಅಮೆರಿಕನ್ ಫುಟ್‌ಬಾಲ್‌ನದು. 2023ರ ನವೆಂಬರ್ 24, ಥ್ಯಾಂಕ್ಸ್‌ಗಿವಿಂಗ್‌ನ ಮರುದಿನ, ಶುಕ್ರವಾರ. ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ತಂಡ ಪೆನ್ ಸ್ಟೇಟ್ ಎದುರು ತನ್ನ ತವರಿನ ಪಂದ್ಯ ಆಡಬೇಕಿತ್ತು. ಆಡಿದ್ದು ಈಸ್ಟ್ ಲ್ಯಾನ್ಸಿಂಗ್‌ನ ಸ್ಪಾರ್ಟನ್ ಸ್ಟೇಡಿಯಂನಲ್ಲಿ ಅಲ್ಲ. ಸುಮಾರು 90 ಮೈಲಿ ಆಚೆಯ ಫೋರ್ಡ್ ಫೀಲ್ಡ್‌ನಲ್ಲಿ, ಚಾವಣಿಯ ಕೆಳಗೆ, ಎನ್‌ಬಿಸಿ ಟಿವಿಯ ರಾತ್ರಿ ಪ್ರಸಾರಕ್ಕೆ ಹೊಂದುವಂತೆ. 42-0ಯಿಂದ ಸೋತೆವು. ಸ್ಥಳ ಬದಲಾದದ್ದಕ್ಕೆ ಸೋತೆವು ಅನ್ನುವುದಿಲ್ಲ. ಆ ವರ್ಷದ ಪೆನ್ ಸ್ಟೇಟ್ ನಮ್ಮನ್ನು ಎಲ್ಲಿ ಆಡಿಸಿದ್ದರೂ ಸೋಲಿಸುತ್ತಿತ್ತು. ಎರಡು ವರ್ಷ ಕಳೆದು, 2025ರ ನವೆಂಬರ್ 29ರಂದು, ಮೇರಿಲ್ಯಾಂಡ್ ಎದುರಿನ ಪಂದ್ಯವೂ ಫೋರ್ಡ್ ಫೀಲ್ಡ್‌ಗೇ ಹೋಯಿತು. ಎರಡೂ ವರ್ಷ ಪಟ್ಟಿಯಲ್ಲಿ ಏಳು ತವರಿನ ಪಂದ್ಯಗಳಿದ್ದವು. ಊರಿಗೆ ಸಿಕ್ಕಿದ್ದು ಆರೇ.

ಒಂದು ಪಂದ್ಯ ತಾನೇ ಅನ್ನಬಹುದು. ಏಳರಲ್ಲಿ ಒಂದು ಅಂದರೆ ಏನು ಅನ್ನುವುದನ್ನು ಊರಿನ ಕಡೆಯಿಂದ ಹೇಳುತ್ತೇನೆ.

ನನ್ನ ಮಗಳು ಇಲ್ಲಿ ಓದಲು ಸೇರಿದ ವರ್ಷ ಮೊದಲ ಸಲ ಪಂದ್ಯದ ದಿನ ಕ್ಯಾಂಪಸ್ಸಿಗೆ ಹೋದೆವು. ಬೆಳಿಗ್ಗೆ ಎಂಟಕ್ಕೇ ಹುಲ್ಲಿನ ಮೇಲೆ ಸಾಲು ಸಾಲು ಕಾರು. ಡಿಕ್ಕಿ ತೆಗೆದು, ಮಡಚುವ ಮೇಜು ಹಾಕಿ, ಇದ್ದಿಲ ಒಲೆ ಹಚ್ಚಿಕೊಂಡು ಕೂತ ಜನ. ನಾವು ಒಂದು ಅಗಲದ ತಟ್ಟೆಯಲ್ಲಿ ಚಿತ್ರಾನ್ನ ತಂದಿದ್ದೆವು. ಪಕ್ಕದ ಕಾರಿನ ಅಜ್ಜ ಎದ್ದು ಬಂದು ಒಂದು ಚಮಚ ಬಾಯಿಗಿಟ್ಟುಕೊಂಡರು, ಕಡಲೆಬೀಜ ಕಡಿಯುತ್ತಾ ಇನ್ನೊಂದು ಚಮಚ ಕೇಳಿದರು. ಆಮೇಲೆ ನಮ್ಮ ಕಾಗದದ ತಟ್ಟೆಯ ಹಿಂಬದಿಯಲ್ಲಿ ಗೀಟು ಎಳೆದು, ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಅಂದರೆ ಏನು ಅಂತ ಹೇಳಿಕೊಟ್ಟರು. ಅಷ್ಟು ವರ್ಷ ಅಮೆರಿಕದಲ್ಲಿದ್ದೂ ನನಗೆ ಆ ಆಟ ಅರ್ಥವಾಗಿರಲಿಲ್ಲ. ಅರ್ಥವಾದದ್ದು ಆ ತಟ್ಟೆಯ ಮೇಲೆ. ನಮ್ಮ ತಂಡದ ಬಣ್ಣ ಹಸಿರು, ಬಿಳಿ. ದಾರಿಯಲ್ಲಿ ಗುರುತಿಲ್ಲದ ಯಾರೋ ‘ಗೋ ಗ್ರೀನ್’ ಅಂತ ಕೂಗುತ್ತಾರೆ. ಕಿವಿಗೆ ಬಿದ್ದವರೆಲ್ಲ ‘ಗೋ ವೈಟ್’ ಅನ್ನುತ್ತಾರೆ. ಸವದತ್ತಿ ಗುಡ್ಡದಲ್ಲಿ ಒಬ್ಬರು ‘ಉಧೋ’ ಅಂದರೆ ಗುಡ್ಡವೆಲ್ಲ ‘ಉಧೋ’ ಅನ್ನುವುದನ್ನು ನೀವೂ ಕೇಳಿರುತ್ತೀರಿ. ಆ ಉತ್ತರ ಕೊಡುವವರು ಎಲ್ಲಿರುತ್ತಾರೋ ಅದೇ ತವರು.

ಸ್ಪಾರ್ಟನ್ ಸ್ಟೇಡಿಯಂ ಶುರುವಾದದ್ದು 1923ರಲ್ಲಿ. ನೂರು ತುಂಬಿದ ವರ್ಷವೇ ಅದರ ಅಂಗಳದಿಂದ ಒಂದು ಪಂದ್ಯ ಎತ್ತಿ ಬೇರೆಡೆ ಆಡಿಸಿದರು. ಅದೇ ವರ್ಷದ ಫೆಬ್ರವರಿ 13ರ ರಾತ್ರಿ ಈ ಕ್ಯಾಂಪಸ್ಸಿನಲ್ಲಿ ಗುಂಡಿನ ದಾಳಿಯಾಗಿ ಮೂವರು ವಿದ್ಯಾರ್ಥಿಗಳು ತೀರಿಕೊಂಡಿದ್ದರು. ಆ ತಿಂಗಳುಗಳಲ್ಲಿ ಈ ಊರಿನಲ್ಲಿದ್ದವರಿಗೆ ಗೊತ್ತು, ಹತ್ತಾರು ಸಾವಿರ ಜನ ಒಂದೇ ಕಡೆ ಅಂಜಿಕೆಯಿಲ್ಲದೆ ಮತ್ತೆ ಕೂರುವುದು ಎಷ್ಟು ದೊಡ್ಡದು ಅಂತ.

ಪಂದ್ಯ ಎತ್ತಿದವರ ವಾದಗಳು ನನಗೂ ಗೊತ್ತು. ಥ್ಯಾಂಕ್ಸ್‌ಗಿವಿಂಗ್ ರಜೆಗೆ ಹುಡುಗರು ಊರಿಗೆ ಹೋಗಿರುತ್ತಾರೆ. ಡೆಟ್ರಾಯಿಟ್ ಸುತ್ತಮುತ್ತ ಹಳೆಯ ವಿದ್ಯಾರ್ಥಿಗಳು ಬಹಳ ಜನ ಇದ್ದಾರೆ. ನವೆಂಬರ್ ಕೊನೆಯ ರಾತ್ರಿಯ ಚಳಿ, ಅದರಲ್ಲೂ ಕಬ್ಬಿಣದ ಬೆಂಚಿನ ಚಳಿ, ಏನೆಂದು ನನ್ನ ಮೂಳೆಗೆ ಗೊತ್ತು. ನಿಮ್ಮ ಊರಿನ ಹೋಟೆಲುಗಳಿಗೂ ಒಂದು ರಾತ್ರಿಯ ವ್ಯಾಪಾರ ಆಗುತ್ತದೆ. ಅದನ್ನು ಸಣ್ಣದು ಅನ್ನಲಾರೆ. ಆದರೆ ರಜೆಯ ವಾರ ಪಂದ್ಯ ಇಟ್ಟವರು ಯಾರು? ನಮ್ಮ ತಂಡ ಆಡುವ ಬಿಗ್ ಟೆನ್ ಅನ್ನುವ ಕಾಲೇಜುಗಳ ಕೂಟ ಟಿವಿ ಸಂಸ್ಥೆಗಳಾದ ಫಾಕ್ಸ್, ಸಿಬಿಎಸ್, ಎನ್‌ಬಿಸಿ ಜೊತೆ 2023ರಿಂದ ಏಳು ವರ್ಷಕ್ಕೆ 700 ಕೋಟಿ ಡಾಲರಿಗೂ ಮೀರಿದ ಪ್ರಸಾರದ ಒಪ್ಪಂದ ಮಾಡಿಕೊಂಡಿದೆ. ಶುಕ್ರವಾರದ ರಾತ್ರಿ ಟಿವಿಗೆ ಬೇಕು. ಟಿವಿಗೆ ಬೇಕಾದ ದಿನ ಹುಡುಗರು ಇರುವುದಿಲ್ಲ. ಹುಡುಗರಿಲ್ಲ ಅಂತ ಪಂದ್ಯ ಊರು ಬಿಡುತ್ತದೆ. ಹುಡುಗರು ಇರುವ ದಿನಕ್ಕೆ ಪಂದ್ಯ ಇಡೋಣ ಅನ್ನುವ ಮಾತು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.

ತಟಸ್ಥ ಸ್ಥಳದ ಪಂದ್ಯವೇ ಬೇಡ ಅನ್ನುವ ಹಟ ನನ್ನದಲ್ಲ. ಟೆಕ್ಸಸ್ ಮತ್ತು ಓಕ್ಲಹೋಮ ತಂಡಗಳು 1929ರಿಂದ ಪ್ರತಿ ವರ್ಷ ಡಾಲಸ್‌ನಲ್ಲಿ ಆಡುತ್ತಿವೆ. ಅವುಗಳ ಕ್ಯಾಂಪಸ್ ಇರುವ ಆಸ್ಟಿನ್‌ನಿಂದಲೂ ನಾರ್ಮನ್‌ನಿಂದಲೂ ಹೆಚ್ಚುಕಡಿಮೆ ಸಮದೂರ. ಅಕ್ಟೋಬರ್‌ನಲ್ಲಿ ಟೆಕ್ಸಸ್ ರಾಜ್ಯದ ದೊಡ್ಡ ಜಾತ್ರೆ ನಡೆಯುವ ಮೈದಾನದೊಳಗೇ ಕಾಟನ್ ಬೌಲ್ ಸ್ಟೇಡಿಯಂ ಇದೆ. ನಡುಗೆರೆಯಿಂದ ಆ ಕಡೆ ಪೂರ್ತಿ ಕೆಂಪು, ಈ ಕಡೆ ಪೂರ್ತಿ ಕಿತ್ತಳೆ. ಅಲ್ಲಿ ಯಾರ ತವರನ್ನೂ ಯಾರೂ ಕಸಿದುಕೊಂಡಿಲ್ಲ, ಎರಡೂ ಕಡೆಯವರೂ ಜಾತ್ರೆಗೆ ಬಂದವರೇ. ಸೇನಾ ಅಕಾಡೆಮಿಗಳ ಆರ್ಮಿ ಮತ್ತು ನೇವಿ ತಂಡಗಳು ಹೆಚ್ಚಾಗಿ ಫಿಲಡೆಲ್ಫಿಯಾದಲ್ಲಿ ಆಡುವುದೂ ಅಂಥದ್ದೇ ಹಳೆಯ ರೂಢಿ.

ಜಾಕ್ಸನ್‌ವಿಲ್‌ನ ಕತೆಯನ್ನು ಮಾತ್ರ ನೀವು ಗಮನವಿಟ್ಟು ನೋಡಬೇಕು. ಫ್ಲಾರಿಡಾ ಮತ್ತು ಜಾರ್ಜಿಯಾ ತಂಡಗಳು 1933ರಿಂದ ಅಲ್ಲಿ ಆಡುತ್ತಾ ಬಂದಿವೆ. ನಡುವೆ ಎರಡೇ ವರ್ಷ ಪಂದ್ಯ ಬೇರೆ ಊರಿಗೆ ಹೋಯಿತು. ವೃತ್ತಿಪರ ತಂಡವೊಂದಕ್ಕಾಗಿ ಅಲ್ಲಿನ ಸ್ಟೇಡಿಯಂ ಹೊಸದಾಗಿ ಕಟ್ಟುತ್ತಿದ್ದಾಗ, 1994ರಲ್ಲಿ ಫ್ಲಾರಿಡಾದ ಕ್ಯಾಂಪಸ್ ಇರುವ ಗೇನ್ಸ್‌ವಿಲ್‌ನಲ್ಲಿ, 1995ರಲ್ಲಿ ಜಾರ್ಜಿಯಾದ ಕ್ಯಾಂಪಸ್ ಇರುವ ಆಥೆನ್ಸ್‌ನಲ್ಲಿ ಆಡಿದರು. ಜಾತ್ರೆಯ ಜಾಗ ಇಲ್ಲವಾದಾಗ ಮನೆಗೆ ಮರಳಿದರು, ಒಂದು ವರ್ಷ ನಿಮ್ಮಲ್ಲಿ, ಒಂದು ವರ್ಷ ನಮ್ಮಲ್ಲಿ. ಈಗ ಅದೇ ಸ್ಟೇಡಿಯಂನಲ್ಲಿ ಮತ್ತೆ ದೊಡ್ಡ ಕೆಲಸ. ಈ ಸಲ ಪಂದ್ಯಗಳನ್ನು ಕೊಟ್ಟಿರುವುದು 2026ಕ್ಕೆ ಅಟ್ಲಾಂಟಾಕ್ಕೆ, 2027ಕ್ಕೆ ಟ್ಯಾಂಪಾಕ್ಕೆ, ಎರಡೂ ವೃತ್ತಿಪರ ತಂಡಗಳ ಸ್ಟೇಡಿಯಂಗಳು. ಮೂವತ್ತು ವರ್ಷದಲ್ಲಿ ಏನು ಬದಲಾಯಿತು ಅಂದರೆ ಇದು. ಮನೆಗೆ ಹೋಗೋಣ ಅನ್ನುವುದು ಆಗ ಮೊದಲು ಹೊಳೆಯುತ್ತಿತ್ತು.

ನಮ್ಮ ಕಡೆಯ ಒಂದು ಉದಾಹರಣೆಯೂ ಇದೆ. 2016-17ರಲ್ಲಿ ಬಿಸಿಸಿಐ ರಣಜಿ ಟ್ರೋಫಿಯ ಅಷ್ಟೂ ಪಂದ್ಯಗಳನ್ನು ತಟಸ್ಥ ಸ್ಥಳಗಳಲ್ಲಿ ಆಡಿಸಿತು. ಆತಿಥೇಯರು ತಮಗೆ ಬೇಕಾದಂತೆ ಪಿಚ್ ಮಾಡಿಕೊಳ್ಳುತ್ತಾರೆ ಅನ್ನುವ ದೂರು ಇತ್ತು, ಅದಕ್ಕೊಂದು ಮದ್ದು. ಆಟಕ್ಕೆ ಸಂಬಂಧಪಟ್ಟ ಕಾರಣವಾದರೂ ಇತ್ತು ಅನ್ನಿ. ಆ ಸಲ ಕರ್ನಾಟಕ ಮತ್ತು ತಮಿಳುನಾಡು ನಡುವಿನ ಕ್ವಾರ್ಟರ್ ಫೈನಲ್ ಬೆಂಗಳೂರಿನಲ್ಲೂ ಅಲ್ಲ, ಚೆನ್ನೈನಲ್ಲೂ ಅಲ್ಲ, ವಿಶಾಖಪಟ್ಟಣದಲ್ಲಿ ನಡೆಯಿತು. ಎರಡೇ ದಿನದಲ್ಲಿ ನಾವು ಸೋತು ಮುಗಿಯಿತು. ಮರುವರ್ಷವೇ ಮಂಡಳಿ ತವರಿನ ಪದ್ಧತಿಗೆ ವಾಪಸಾಯಿತು. ಫುಟ್‌ಬಾಲ್‌ನಲ್ಲಿ ಪಿಚ್ಚಿನ ತಕರಾರೂ ಇಲ್ಲ.

ಇನ್ನು ದುಡ್ಡಿನ ಮಾತು, ಅದರಲ್ಲೇ ನಿಮ್ಮ ಪಾತ್ರ ಇರುವುದು. 2025ರ ಜೂನ್‌ನಲ್ಲಿ ಕೋರ್ಟು ಒಪ್ಪಿದ ರಾಜಿಯ ಪ್ರಕಾರ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು, ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ 2.05 ಕೋಟಿ ಡಾಲರ್‌ವರೆಗೆ. ಕೊಡಲಿ, ಬೆವರು ಸುರಿಸುವ ಹುಡುಗರಿಗೆ ಸಿಗಬೇಕಾದದ್ದೇ. ಆದರೆ ಆ ಹಣ ಹೊಂದಿಸಲು ಕ್ರೀಡಾ ವಿಭಾಗಗಳು ಹೊಸ ಹೊಸ ದಾರಿ ಹುಡುಕುತ್ತಿವೆ, ತವರಿನ ಪಂದ್ಯವನ್ನು ಬೇರೆ ಊರಿಗೆ ಗುತ್ತಿಗೆ ಕೊಡುವುದು ಸುಲಭದ ದಾರಿ. ನಾಳೆ ಡೆಟ್ರಾಯಿಟ್ ಅಲ್ಲ, ಇನ್ನೂ ದೂರದ ಊರು ಹೆಚ್ಚು ಕೊಟ್ಟರೆ? ಐಯೋವಾ ಸ್ಟೇಟ್ ಮತ್ತು ಕ್ಯಾನ್ಸಸ್ ಸ್ಟೇಟ್ ನೂರು ವರ್ಷಕ್ಕೂ ಮೀರಿ ಪ್ರತಿ ವರ್ಷ ಎದುರಾಗುತ್ತಾ ಬಂದ ನೆರೆಹೊರೆಯ ತಂಡಗಳು. 2025ರಲ್ಲಿ ಅವು ಆಡಿದ್ದು ಐರ್ಲೆಂಡಿನ ಡಬ್ಲಿನ್‌ನಲ್ಲಿ. ಆ ರೈತಾಪಿ ಊರುಗಳಿಂದ ಎಷ್ಟು ಮನೆಯವರು ವಿಮಾನ ಹತ್ತಬಲ್ಲರು?

ಜಾತ್ರೆ ಕುಸ್ತಿಗೆ ಮೊದಲು ಬೆಳಗಾವಿ ಕಡೆ ಕೆಂಪು ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದ ಮಾಡುವುದನ್ನು ನೀವು ಚಿಕ್ಕಂದಿನಲ್ಲಿ ಕಂಡಿರಬಹುದು. ಊರವರ ಕೈಬೆವರು ಬಿದ್ದ ಮಣ್ಣು ಅದು. ಪಕ್ಕದ ಪೇಟೆಯಲ್ಲಿ ಲಾಡ್ಜುಗಳು ಹೆಚ್ಚಿವೆ ಅಂತ ಕುಸ್ತಿಯನ್ನು ಅಲ್ಲಿಗೆ ಒಯ್ದರೆ ಪೈಲ್ವಾನರು ಬಂದಾರು, ಹಲಗಿಯೂ ಬಂದೀತು. ಮಣ್ಣು ಹದ ಮಾಡಿದವರು ಎಲ್ಲಿ ನಿಲ್ಲಬೇಕು?

ನನ್ನ ಕೋರಿಕೆ ಇಷ್ಟು. ಕಾಲೇಜು ಕ್ರೀಡೆಗೆ ಏಕಸ್ವಾಮ್ಯ ವಿರೋಧಿ ಕಾನೂನಿನಿಂದ ಒಂದಷ್ಟು ರಕ್ಷಣೆ ಕೊಡುವ ಸ್ಕೋರ್ ಆಕ್ಟ್ ಅನ್ನುವ ಮಸೂದೆ 2025ರ ಜುಲೈನಲ್ಲಿ ನಿಮ್ಮ ಸದನದ ಮುಂದೆ ಬಂತು. ಡಿಸೆಂಬರ್‌ನಲ್ಲಿ ಮತಕ್ಕೆ ಹಾಕುವುದನ್ನು ಕೈಬಿಟ್ಟರು. ಆ ಮಸೂದೆಯೋ ಅದರ ತಮ್ಮನೋ ಮತ್ತೆ ಬಂದೇ ಬರುತ್ತದೆ. ದೇಶ ಕಾಲೇಜುಗಳಿಗೆ ಅಂಥ ವಿನಾಯಿತಿ ಕೊಡುವುದಾದರೆ, ಕಾಲೇಜುಗಳು ಬದಲಿಗೆ ಒಂದು ಮಾತು ಕೊಡಲಿ: ತವರಿನ ಪಂದ್ಯ ಅಂತ ಪಟ್ಟಿಯಲ್ಲಿ ಬರೆದದ್ದು ತವರಿನಲ್ಲೇ ನಡೆಯುತ್ತದೆ ಅಂತ. ಎತ್ತಲೇಬೇಕಾದ ಸಂದರ್ಭ ಬಂದರೆ ಒಪ್ಪಂದವನ್ನು ಸಹಿ ಹಾಕುವ ಮೊದಲೇ ಜನರ ಮುಂದಿಡಲಿ. ವಿದ್ಯಾರ್ಥಿಗಳಿಗೆ ಅದೇ ದರದ ಟಿಕೆಟ್ಟು, ಹೋಗಿ ಬರುವ ಬಸ್ಸು, ಎರಡೂ ಇರಲಿ.

ಡೆಟ್ರಾಯಿಟ್‌ಗೆ ನಷ್ಟವಾಗಲಿ ಅಂತ ಕೇಳುತ್ತಿಲ್ಲ. ಮಿಡ್-ಅಮೆರಿಕನ್ ಅನ್ನುವ ಇನ್ನೊಂದು ಕಾಲೇಜು ಕೂಟದ ಫೈನಲ್ 2004ರಿಂದ ಫೋರ್ಡ್ ಫೀಲ್ಡ್‌ನಲ್ಲೇ ನಡೆಯುತ್ತಿದೆ. ಋತು ಮುಗಿದ ಮೇಲೆ ತಂಡಗಳನ್ನು ಕರೆಸಿ ಆಡಿಸುವ ಡಿಸೆಂಬರ್‌ನ ಬೌಲ್ ಪಂದ್ಯವೂ ಅಲ್ಲಿಯೇ. ಯಾರ ತವರಿಗೂ ಸೇರದ ಅಂಥ ಪಂದ್ಯಗಳಿಗೆ ಅದಕ್ಕಿಂತ ಒಳ್ಳೆಯ ಜಾಗ ಈ ಸೀಮೆಯಲ್ಲಿಲ್ಲ. ಇನ್ನೂ ನಾಲ್ಕು ಬರಲಿ. ನಿಮ್ಮದೇ ಕ್ಷೇತ್ರದ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೂ ತನ್ನದೇ ತಂಡ, ತನ್ನದೇ ಅಂಗಳ ಇದೆ. ಆ ಅಂಗಳದ ಶನಿವಾರವನ್ನು ಬೇರೆ ಊರು ದುಡ್ಡು ಕೊಟ್ಟು ಎತ್ತಿಕೊಂಡು ಹೋಗಲು ಬಂದರೆ ನೀವು ಸುಮ್ಮನಿರುತ್ತೀರಾ?

ಮಸೂದೆ ಮತ್ತೆ ಸದನಕ್ಕೆ ಬಂದ ದಿನ ಈ ಷರತ್ತಿನ ಪ್ರಶ್ನೆಯನ್ನು ಎತ್ತುತ್ತೀರೋ ಇಲ್ಲವೋ ತಿಳಿಸಿ. ಉತ್ತರ ಕನ್ನಡದಲ್ಲಿರಲಿ, ಮರಾಠಿಯಲ್ಲಿರಲಿ, ಇಂಗ್ಲಿಷಿನಲ್ಲಿರಲಿ, ನಾನು ಅದನ್ನು ಇದೇ ಓದುಗರ ಮುಂದೆ ಇಡುತ್ತೇನೆ.

ಗೌರವದಿಂದ,
ಒಕೆಮಸ್‌ನಲ್ಲಿ ನೆಲೆಸಿದ ಧಾರವಾಡ ಸೀಮೆಯ ಒಬ್ಬ ಕನ್ನಡಿಗ