ಆ ಪಟಪಟ ಸದ್ದಿನ ಬಗ್ಗೆ

ತುಮಕೂರು

ಚಿ. ಮಧುಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಕಾಗದ ಪೂರ್ತಿ ಓದಿದೆ. ತಲೆಯಲ್ಲಿ ಉಳಿದಿದ್ದು ಮಾತ್ರ ಒಂದೇ ಸಾಲು. ಕಾರಿಗೆ ಟರ್ಬೊ ಹಾಕಿಸಿದ ಮೇಲೆ ಎಂಜಿನ್ ವೇಗಕ್ಕೆ ಮಿತಿ ಹಾಕುವ ಲಿಮಿಟರ್ ಏರಿಸಿದ್ದೀಯ, ನಿಮಿಷಕ್ಕೆ 7,000 ಸುತ್ತಿನ ಹತ್ತಿರ ಪಟಪಟ ಅಂತ ಸದ್ದು ಬಂದು ಪವರ್ ಬಿದ್ದುಹೋಗುತ್ತದೆ, "ಏನಾಗಲ್ಲ ಅಲ್ವಾ ಮಾವ" ಅಂತ ಕೇಳಿದ್ದೀಯ. ರಾತ್ರಿ ನಿದ್ದೆ ಬರಲಿಲ್ಲ ಕಣೋ.

ಸ್ಪಾರ್ಕ್ ಪ್ಲಗ್ ಗ್ಯಾಪ್ ಜಾಸ್ತಿ ಇದ್ದರೂ ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಏರಿದಾಗ ಕಿಡಿ ಆರಿ ಹೀಗೇ ಮಿಸ್ ಹೊಡೆಯುತ್ತದೆ. ಅದೇ ಆಗಿರಲಿ. ನನಗೆ ಭಯ ಇರುವುದು ವಾಲ್ವ್ ಫ್ಲೋಟ್‌ದು. 7,000ದಲ್ಲಿ ಒಂದೊಂದು ವಾಲ್ವೂ ಸೆಕೆಂಡಿಗೆ 58 ಸಲ ತೆರೆದು ಮುಚ್ಚಬೇಕು. ತೆರೆಯೋಕೆ ತಿರುಗುತ್ತಾ ಒತ್ತುವ ಉಬ್ಬು, ಕ್ಯಾಮ್, ಇದೆ, ಮುಚ್ಚೋಕೆ ಇರುವುದು ಸ್ಪ್ರಿಂಗ್ ಒಂದೇ. ಅದು ಸೋತರೆ ವಾಲ್ವ್ ಕ್ಯಾಮಿನ ಜೊತೆ ಇಳಿಯದೆ ತೇಲುತ್ತದೆ, ಸೀಟಿಗೆ ಬಡಿದು ಪುಟಿಯುತ್ತದೆ. ಅಷ್ಟರಲ್ಲಿ ಪಿಸ್ಟನ್ ಮೇಲಕ್ಕೆ ಬಂದಿರುತ್ತದೆ, ಎರಡೂ ಡಿಕ್ಕಿ ಹೊಡೆಯಬಹುದು. 6,000ದಿಂದ 7,000 ಅಂದರೆ ಸ್ವಲ್ಪ ಅನ್ನಿಸುತ್ತದೆ. ಆದರೆ ಸ್ಪ್ರಿಂಗ್ ತಡೆಯಬೇಕಾದ ಬಲ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಏರುತ್ತದೆ. ಅದರ ಮೇಲೆ ನಿನ್ನ ಬೂಸ್ಟ್ ಬೇರೆ. ಗಾಳಿ ಒಳಗೆ ಬಿಡುವ ಇನ್‌ಟೇಕ್ ವಾಲ್ವ್ 32 ಮಿ.ಮೀ. ಅಗಲ ಇದೆ ಅಂದುಕೋ. 1 ಬಾರ್ ಬೂಸ್ಟ್ ಅದರ ಬೆನ್ನಿಗೆ ಸುಮಾರು 8 ಕೆ.ಜಿ. ಒತ್ತುತ್ತದೆ, ಅದೂ ತೆರೆಯುವ ಕಡೆಗೆ. ಟರ್ಬೊ ಇಲ್ಲದ ಎಂಜಿನ್ನಿಗೆ ಸ್ಪ್ರಿಂಗ್ ಮಾಡಿದವರು ಈ 8 ಕೆ.ಜಿ. ಯಾಕೆ ಲೆಕ್ಕ ಹಾಕುತ್ತಾರೆ?

ಶಿರಾ ರಸ್ತೆಯ ಹುಡುಗನ ಕಾರಿನ ವಿಷಯ ನಿನಗೆ ಯಾವತ್ತೂ ಹೇಳಿಲ್ಲ. ಹೆಡ್, ಅಂದರೆ ಎಂಜಿನ್ ಮೇಲೆ ವಾಲ್ವ್ ಕೂರುವ ಭಾಗ, ಕೆಲಸಕ್ಕೆ ಕೊಟ್ಟಿದ್ದ. ವಾಲ್ವ್ ಗ್ರೈಂಡ್ ಮಾಡಿದೆ. ಸ್ಪ್ರಿಂಗ್ ಹೊಸದರ ಪಕ್ಕ ನಿಲ್ಲಿಸಿದರೆ ಒಂದೂವರೆ ಮಿ.ಮೀ. ಗಿಡ್ಡ, ಅಂದರೆ ಸೋತದ್ದು. ಹೊಸ ಸೆಟ್ ಬೆಂಗಳೂರಿಂದ ಬರೋಕೆ ಎರಡು ದಿನ. ನಡೆಯುತ್ತೆ ಬಿಡು ಅಂತ ಹಳೇದೇ ಹಾಕಿದೆ. ವಾರದೊಳಗೆ ಅವನು ಐದರಿಂದ ನಾಲ್ಕಕ್ಕೆ ಇಳಿಸಲು ಹೋಗಿ ಗೇರು ಎರಡಕ್ಕೆ ಬಿತ್ತು. ಲಿಮಿಟರ್ ಪೆಟ್ರೋಲ್ ನಿಲ್ಲಿಸುತ್ತದೆ ಅಷ್ಟೆ, ಚಕ್ರವೇ ಎಂಜಿನ್ ತಿರುಗಿಸಿದರೆ ಅದೇನು ಮಾಡೀತು? ಎಂಜಿನ್ ಹೋಯಿತು. ಹುಡುಗನಿಗೆ ಏನೂ ಆಗಲಿಲ್ಲ, ಪುಣ್ಯ. ನಿನ್ನ ಗೇರೇ ಕಾರಣ ಅಂದೆ. ಗೇರೂ ಕಾರಣವೇ. ಸ್ಪ್ರಿಂಗಿನ ವಿಷಯ ಬಾಯಿ ಬಿಡಲಿಲ್ಲ. ಎರಡನೇ ಸಲದ ಕೂಲಿಯನ್ನೂ ಎಣಿಸಿ ತಗೊಂಡೆ.

ನನ್ನ ಮೇಜಿನ ಮೇಲೆ ಬಿಲ್ ಕಾಗದ ಹಾರದಂತೆ ಇಟ್ಟಿರುವ ಪಿಸ್ಟನ್ ಅವನದೇ. ಚಿಕ್ಕವನಿದ್ದಾಗ ನೀನು ಅದರಲ್ಲಿ ಆಡುತ್ತಿದ್ದೆ. ಅದರ ತಲೆಯ ಮೇಲೆ ಅರ್ಧಚಂದ್ರದ ಗುರುತಿದೆಯಲ್ಲ, ಮೇಣಕ್ಕೆ ಉಗುರು ಒತ್ತಿದ ಹಾಗೆ, ಅದು ವಾಲ್ವ್ ಬಡಿದದ್ದು.

ಸ್ಪ್ರಿಂಗ್ ಬದಲಾಯಿಸಿದರೆ ಮುಗೀತು ಅಂತಲೂ ಹೇಳಲಾರೆ. ಬೂಸ್ಟ್ ಜಾಸ್ತಿಯಾದರೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ, ರೈಸ್ ಜಾಸ್ತಿಯಾದರೆ ಅದೇ ರಾಡ್ ಕಿತ್ತುಬರುತ್ತದೆ. ನಾಕಿಂಗ್, ಅಂದರೆ ಪೆಟ್ರೋಲ್ ಗಾಳಿ ತಾನಾಗೇ ಸಿಡಿಯುವುದು, ಶುರುವಾದರೆ ಪಿಸ್ಟನ್ನಿನ ರಿಂಗ್ ಕೂರುವ ಅಂಚೇ ಮುರಿಯಬಹುದು. ಲ್ಯಾಪ್‌ಟಾಪ್ ಹಿಡಿದು ಟ್ಯೂನ್ ಮಾಡುವವರಿಗೆ ನನಗಿಂತ ಜಾಸ್ತಿ ಗೊತ್ತಿರುತ್ತದೆ, ನನ್ನ ಮಾತಿಗೆ ನಕ್ಕರೆ ನಗಲಿ. ಲಿಮಿಟರ್ ಮಾತ್ರ ಮೊದಲಿದ್ದಲ್ಲಿಗೇ ಇಳಿಸಿಸು. ಪ್ಲಗ್ ಗ್ಯಾಪ್ ನೋಡಿಸು. ನೋಡಿಸಿದ ಮೇಲೆ ಸದ್ದು ಹೋಯಿತಾ ಅಂತ ಪರೀಕ್ಷೆಗೆ ಮತ್ತೆ 7,000ಕ್ಕೆ ಹೋಗಬೇಡ. ಗೊತ್ತು ನನಗೆ, ನೀನು ಹೋಗುತ್ತೀಯ.

ಹೆಡ್ ಬಿಚ್ಚಿಸುವುದಾದರೆ ಇಲ್ಲಿಗೇ ತಾ. ಸ್ಪ್ರಿಂಗ್ ಟೆನ್ಶನ್ ನೋಡುವ ಮಿಷನ್ ಇನ್ನೂ ಮಾರಿಲ್ಲ. ಓಡಿಸಿಕೊಂಡು ಬರಬೇಡ, ಟೋಯಿಂಗ್ ಗಾಡಿ ಮೇಲೆ ಹಾಕಿಸಿಕೊಂಡು ಬಾ. ಬಾಡಿಗೆ ನಾನು ಕೊಡುತ್ತೇನೆ. ಕ್ಯಾತ್ಸಂದ್ರಕ್ಕೆ ಬಂದಾಗ ಫೋನ್ ಮಾಡು, ತಟ್ಟೆ ಇಡ್ಲಿ ಅಲ್ಲೇ ತಿನ್ನೋಣ.

ಇಂತಿ,
ನಿನ್ನ ಮಾವ