ಹಬ್ಬದ ಮಾರನೆಯ ದಿನ ಸೇರೋಣ

2022ರ ಏಪ್ರಿಲ್ 2, ಶನಿವಾರ, ಶುಭಕೃತ್ ಸಂವತ್ಸರದ ಯುಗಾದಿ. ಮೆಲ್ಬರ್ನಿನ ನಮ್ಮ ಕನ್ನಡ ಬಳಗದ ಕೂಟ ಮಾತ್ರ ಮಾರನೆಯ ದಿನ, ಭಾನುವಾರ. ಹಬ್ಬದ ದಿನವೇ ರಜೆ ಬಿದ್ದಿರುವಾಗ ಹೀಗೇಕೆ ಎಂದು ಹಲವರು ಕೇಳಿದ್ದಾರೆ. ಹಾಲ್ ಸಿಗಲಿಲ್ಲ ಎಂದಲ್ಲ.

ಕಳೆದ ವರ್ಷ, 2021ರಲ್ಲಿ, ಊರಿನಲ್ಲಿ ಕೋವಿಡ್‌ನ ಎರಡನೇ ಅಲೆ ಎದ್ದಾಗ ಬಳಗದ ಕೆಲವರು ಅಪ್ಪನನ್ನೋ ಅಮ್ಮನನ್ನೋ ಕಳೆದುಕೊಂಡರು. ಏಪ್ರಿಲ್ 27ರಿಂದ ಮೇ 15ರವರೆಗೆ ಭಾರತದಿಂದ ಇಲ್ಲಿಗೆ ನೇರ ಪ್ರಯಾಣಿಕ ವಿಮಾನವೇ ಇರಲಿಲ್ಲ. ಇಲ್ಲಿಂದ ಹೊರಡಲೂ ಸರ್ಕಾರದ ಅನುಮತಿ ಬೇಕಿತ್ತು. ಮಣ್ಣಿಗೂ ಹೋಗಲಾಗದೆ ಎಲ್ಲವನ್ನೂ ಫೋನಿನಲ್ಲೇ ನೋಡಬೇಕಾಯಿತು. ಆ ಮನೆಗಳಲ್ಲಿ ವರ್ಷದ ತಿಥಿ ಇನ್ನೂ ಆಗಿಲ್ಲ. ಯುಗಾದಿ ಎಂದು ಕರೆದರೆ "ಈ ವರ್ಷ ನಮಗೆ ಹಬ್ಬ ಇಲ್ಲ" ಎಂದು ಹಿಂದೆ ಸರಿಯುತ್ತಾರೆ. ಎರಡು ವರ್ಷದ ಮೇಲೆ ಸೇರುವಾಗ ಮೊದಲು ಬರಬೇಕಾದವರೇ ಅವರು. ಹಾಗಾಗಿ ಕರೆಯೋಲೆಯಲ್ಲಿ ಬರೀ 'ಕೂಟ' ಎಂದಿದೆ, ಬೇವು-ಬೆಲ್ಲದ ಮಾತಿಲ್ಲ.

ಅವರಿಗೆ ವಾಟ್ಸ್‌ಆ್ಯಪ್ ಸಂದೇಶ ಸಾಲದು, ಹತ್ತಿರದವರೊಬ್ಬರು ಫೋನ್ ಮಾಡಿ ಕರೆಯಬೇಕು. ಅರಿಸಿನ-ಕುಂಕುಮದ ತಟ್ಟೆ ಹಿಡಿದು ಬಾಗಿಲಲ್ಲಿ ನಿಲ್ಲುವುದು ಈ ಸಲ ಬೇಡ. ಪಕ್ಕದ ಮೇಜಿನ ಮೇಲಿರಲಿ, ಬೇಕಾದವರು ಹಚ್ಚಿಕೊಳ್ಳುತ್ತಾರೆ. ಎದುರಾದೊಡನೆ "ಹೇಗಾಯ್ತು, ಬೆಡ್ ಸಿಗಲಿಲ್ವಾ?" ಎಂದು ಕೆದಕಬೇಡಿ. ಏನೂ ಆಗಿಲ್ಲವೆಂಬಂತೆ ಮಕ್ಕಳ ಶಾಲೆ, ಮನೆ ಸಾಲದ ಮಾತಿಗೆ ಹೊರಳುವುದಂತೂ ಇನ್ನೂ ಕೆಟ್ಟದ್ದು. "ಅಮ್ಮನ ವಿಷಯ ಗೊತ್ತಾಯ್ತು" ಎಂದು ಪಕ್ಕದಲ್ಲಿ ಕುಳಿತರೆ, ಹೇಳಬೇಕೆನಿಸಿದ್ದನ್ನು ಅವರೇ ಹೇಳುತ್ತಾರೆ.

ಇನ್ನೊಂದು ತೊಡಕು ಗಡಿಯಾರದ್ದು. ಅದೇ ಭಾನುವಾರ ಬೆಳಗಿನ ಜಾವ 3 ಗಂಟೆಗೆ ಬೇಸಿಗೆಯ ಸಮಯ (ಡೇಲೈಟ್ ಸೇವಿಂಗ್) ಮುಗಿದು ಮೆಲ್ಬರ್ನಿನ ಸಮಯ 2ಕ್ಕೆ ಹಿಂದೆ ಸರಿಯುತ್ತದೆ. ಫೋನ್ ತಾನೇ ಬದಲಾಗುತ್ತದೆ, ಅಡುಗೆಮನೆಯ ಗೋಡೆ ಗಡಿಯಾರ ಬದಲಾಗುವುದಿಲ್ಲ. ಅದನ್ನು ನಂಬಿದವರು ಒಂದು ಗಂಟೆ ಮೊದಲೇ ಬಂದು ನಿಲ್ಲುತ್ತಾರೆ. ನಮ್ಮವರಿಗೆ ಅಂಥ ಯೋಗ ವರ್ಷಕ್ಕೊಮ್ಮೆಯೇ, ಬರಲಿ ಬಿಡಿ. ಚಿಂತೆ ಇರುವುದು ಚಿತ್ರಾನ್ನದ್ದು. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ 2 ಗಂಟೆ ಮೀರಿ ಇದ್ದದ್ದನ್ನು ಮತ್ತೆ ಫ್ರಿಜ್ಜಿಗೆ ಇಡುವಂತಿಲ್ಲ, 4 ಗಂಟೆ ಮೀರಿದ್ದನ್ನು ಎಸೆಯಬೇಕು. ಆಸ್ಟ್ರೇಲಿಯಾದ ಆಹಾರ ಸುರಕ್ಷತೆಯ ಲೆಕ್ಕ ಇದು. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ, ಅದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ನಮ್ಮ ಊಟ 1 ಗಂಟೆಗೆ. ಹಳೆಯ ಗಡಿಯಾರದ 9ಕ್ಕೆ ಕಲಸಿದ್ದು ನಿಜವಾಗಿ 8ಕ್ಕೆ ಕಲಸಿದಂತೆ. ಬಡಿಸುವ ಹೊತ್ತಿಗೆ 5 ಗಂಟೆ ದಾಟಿರುತ್ತದೆ. ಫೋನ್ ನೋಡಿ, 10ರ ಮೇಲೆ ಕಲಸಿ. ಉಳಿದ ಚಿತ್ರಾನ್ನವನ್ನು ಡಬ್ಬಿಗೆ ತುಂಬಿಕೊಂಡು ಹೋಗುವ ಪದ್ಧತಿಗೆ ಅಂದು ರಜೆ.

ಎಲ್ಲರೂ ಚಿತ್ರಾನ್ನವನ್ನೇ ತರುವುದು ನಮ್ಮ ಹಳೆಯ ರೋಗವಾದ್ದರಿಂದ ಅದನ್ನು ಎರಡೇ ಮನೆಗೆ ವಹಿಸಿದೆ. ಮುಖ್ಯ ಅಡುಗೆ ಬಿಸಿಬೇಳೆಬಾತ್: 60 ಜನಕ್ಕೆ 3 ಕೆಜಿ ಅಕ್ಕಿ, 2 ಕೆಜಿ ತೊಗರಿಬೇಳೆ, 4 ಕೆಜಿ ತರಕಾರಿ. ಒಲೆಯ ಮೇಲೆ ಹದವಾಗಿ ಕಂಡದ್ದು ಕಾರಿನಲ್ಲಿ ಅರ್ಧ ಗಂಟೆ ಕುಳಿತರೆ ಮುದ್ದೆಯಾಗುತ್ತದೆ, ಅಕ್ಕಿ ಬೇಳೆ ನೀರು ಕುಡಿಯುತ್ತಲೇ ಇರುತ್ತವೆ. ಆದ್ದರಿಂದ ಸಾರಿನಷ್ಟಲ್ಲದಿದ್ದರೂ ತೆಳ್ಳಗೆ ಇಳಿಸಿ. ಜೊತೆಗೆ ಹುಣಸೆರಸ, ಉಪ್ಪು, ಪುಡಿ ಹಾಕಿ ಕುದಿಸಿದ 3 ಲೀಟರ್ ನೀರನ್ನು ಫ್ಲಾಸ್ಕಿನಲ್ಲಿ ತನ್ನಿ. ಬರೀ ಬಿಸಿನೀರು ಬೆರೆಸಿದರೆ ರುಚಿ ಸತ್ತುಹೋಗುತ್ತದೆ. ಕೋಸಂಬರಿಗೆ ಉಪ್ಪು ಬಡಿಸುವ ಮುಂಚೆ ಹಾಕಿ, ಸೌತೆಕಾಯಿ ನೀರು ಬಿಡುತ್ತದೆ. ಕಾಫಿಗೆ ಹಾಲು 6 ಲೀಟರ್, ಡಿಕಾಕ್ಷನ್ ಹಿಂದಿನ ರಾತ್ರಿಯೇ ಇಳಿದಿರಲಿ.

ವೇದಿಕೆ ಕಾರ್ಯಕ್ರಮ 20 ನಿಮಿಷ ಮಾತ್ರ. ಹಾಡುವವರಿಗೆ ಬೇಸರವಾದೀತು, ಆಗಲಿ. ಒಬ್ಬರು ಮಾತಾಡುವಾಗ ಉಳಿದವರೆಲ್ಲ ಮ್ಯೂಟ್ ಆಗಿರುವ ಭಾಗ್ಯವನ್ನು ಈ ನಗರ 262 ದಿನಗಳ ಲಾಕ್‌ಡೌನಿನಲ್ಲಿ ಸಾಕಷ್ಟು ಕಂಡಿದೆ. ಕುರ್ಚಿಗಳು ಸಾಲಾಗಿ ಬೇಡ, ಆರಾರು ಸುತ್ತಲೂ ಇರಲಿ. ಹಿನ್ನೆಲೆ ಸಂಗೀತವೂ ಬೇಡ: ಅದನ್ನು ಮೀರಿಸಲು ಜನ ಕೂಗಿ ಮಾತಾಡುತ್ತಾರೆ, ಕೂಗಿದಷ್ಟೂ ಬಾಯಿಂದ ಹನಿಗಳು ಹೆಚ್ಚು ಹಾರುತ್ತವೆ, ಹಿಯರಿಂಗ್ ಏಡ್ ಹಾಕಿದ ಹಿರಿಯರಿಗಂತೂ ಗದ್ದಲ ಬಿಟ್ಟು ಬೇರೇನೂ ಕೇಳಿಸದು. ಎರಡೂ ಬದಿಯ ಕಿಟಕಿ ತೆರೆದಿರಬೇಕು, ಒಂದೇ ಬದಿಯದ್ದಾದರೆ ಗಾಳಿ ಹಾಯುವುದಿಲ್ಲ. ರ್‍ಯಾಪಿಡ್ ಟೆಸ್ಟನ್ನು ಹಿಂದಿನ ರಾತ್ರಿ ಮಾಡಿ ಪ್ರಯೋಜನವಿಲ್ಲ, ಹೊರಡುವ ಮುಂಚೆ ಮಾಡಿ. ಗಂಟಲು ಕೆರೆಯುತ್ತಿದ್ದರೆ ಒಂದೇ ಗೆರೆ (ನೆಗೆಟಿವ್) ಬಂದರೂ ಮನೆಯಲ್ಲೇ ಇರಿ, ಊಟ ಬಾಗಿಲಿಗೆ ಬರುತ್ತದೆ.

2020ರಲ್ಲಿ ಹುಟ್ಟಿದ ಮಕ್ಕಳು ಇಷ್ಟು ಜನರನ್ನು ಒಟ್ಟಿಗೆ ಕಂಡಿರಲಾರರು. ಎತ್ತಿಕೊಳ್ಳಲು ಮುಗಿಬೀಳಬೇಡಿ. ಹಿಂದಿನ ಕೋಣೆ ಅವರಿಗಾಗಿ ಖಾಲಿ ಇದೆ.

ಹಾಲ್‌ಗೆ 4ಕ್ಕೆ ಬೀಗ ಬೀಳುತ್ತದೆ. ಅಷ್ಟರಲ್ಲಿ ಮಾತು ಮುಗಿಯದು, ಪಕ್ಕದಲ್ಲೇ ಪಾರ್ಕ್ ಇದೆ. ಗಡಿಯಾರ ಹಿಂದೆ ಹೋದದ್ದರಿಂದ ಅಂದು 6ರ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಕಾರಿನಲ್ಲಿ ಒಂದು ಸ್ವೆಟರ್ ಇಟ್ಟುಕೊಂಡು ಬನ್ನಿ.